ಕಾನಿನೊಳಗಿನ ಕಾಲುದಾರಿ

ಭಾನುವಾರದ ಬೆಳಗಿನಲ್ಲಿ ಹತ್ತು ಹದಿನೈದು ಮಂದಿ ಕೊರಳಿಗೆ ದುರ್ಬೀನು, ಹೆಗಲಿಗೆ ಬುತ್ತಿಯ ಚೀಲ ಹಾಕಿಕೊಂಡು ಕಾಡಿನತ್ತ ನಡೆಯುವುದು ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಈಗ ಅಪರೂಪದ ನೋಟವೇನಲ್ಲ. ಮುಂದೆ ದಾರಿ ಬಲ್ಲವನೊಬ್ಬ ಇರುತ್ತಾನೆ. ಆತ ಆಗಾಗ ನಿಂತು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾನೆ. ಮೇಲೆಲ್ಲೋ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿಸುತ್ತದೆ. ತೋಟದ ಬೇಲಿಯ ಬಳಿ ನಿಂತು ಇದನ್ನು ನೋಡುವ ಹಿರಿಯರಿಗೆ ಒಂದು ಸಂದೇಹ: ಕಾಡಿನಲ್ಲಿ ನೋಡುವುದಕ್ಕೆ ಏನಿದೆ?

ಪ್ರಶ್ನೆ ಸಹಜವೇ ಆಗಿದೆ. ಮಲೆನಾಡಿನವರು ಕಾಡಿಗೆ ಹೋದದ್ದು ಸೊಪ್ಪಿಗೆ, ದರಕಿಗೆ, ಜೇನಿಗೆ, ಬೇಟೆಗೆ ಅಥವಾ ಸಂಜೆ ಕೊಟ್ಟಿಗೆಗೆ ಬಾರದ ದನವನ್ನು ಹುಡುಕುವುದಕ್ಕೆ. ಬರೀ ನೋಡುವುದಕ್ಕೆಂದು ಹೋಗುವುದು ಹೊಸ ರೂಢಿ. ಆದರೆ ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು ಕಾಡು ಸುತ್ತುವ ಕ್ರಮ ಹಳೆಯದು. ಕಾಲಕ್ಕೆ ತಕ್ಕಂತೆ ಬದಲಾದದ್ದು ನಡೆಯುವವರ ಉದ್ದೇಶ ಮಾತ್ರ. ಆ ಉದ್ದೇಶಗಳ ಚರಿತ್ರೆಯಲ್ಲಿ ಈ ಸೀಮೆಯ ಕಾಡಿನ ಚರಿತ್ರೆಯೂ ಅಡಗಿದೆ.

ಲೆಕ್ಕ ಬರೆಯಲು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಹೊಸದಾಗಿ ಕೈವಶವಾದ ನಾಡಿನ ಬೆಳೆ, ಕಾಡು, ಕಸುಬು, ವ್ಯಾಪಾರಗಳ ವಿವರ ಬೇಕಾಯಿತು. ಅದಕ್ಕಾಗಿ ನೇಮಕಗೊಂಡವನು ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದ ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತ ಕೆಳದಿ ಅರಸರ ಹಳೆಯ ರಾಜಧಾನಿಗಳಾದ ಇಕ್ಕೇರಿ ಮತ್ತು ನಗರಗಳನ್ನೂ ಕಂಡ. ಅವನ ಪ್ರವಾಸದ ದಿನಚರಿ 1807ರಲ್ಲಿ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಾಳುಮೆಣಸು, ಅಡಿಕೆ, ಶ್ರೀಗಂಧದ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಭಾಷೆ ಅವನದಲ್ಲ. ಆದ್ದರಿಂದ ಮಾಹಿತಿಗೆ ಊರಿನ ರೈತರನ್ನೂ ವರ್ತಕರನ್ನೂ ದುಭಾಷಿಗಳ ಮೂಲಕ ಕೇಳಿ ತಿಳಿಯಬೇಕಿತ್ತು. ಈ ಸೀಮೆಯ ಮೊದಲ ‘ಪ್ರಕೃತಿ ವೀಕ್ಷಣೆ’ಯ ದಾಖಲೆಗಳಲ್ಲಿ ಒಂದು ಹೀಗೆ ಕಂದಾಯದ ಲೆಕ್ಕಕ್ಕಾಗಿ ಹುಟ್ಟಿತು.

ಎರಡು ತಲೆಮಾರು ಕಳೆದ ಮೇಲೆ ಇನ್ನೊಂದು ತಂಡ ಬಂತು. ಜರ್ಮನಿಯಲ್ಲಿ ಹುಟ್ಟಿ, 1864ರಲ್ಲಿ ಭಾರತದ ಅರಣ್ಯಗಳ ಮೊದಲ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿ 1868ರಲ್ಲಿ ಸಾಗರದ ನೆರೆಯ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದರು. ಆ ಒಂದೇ ತಾಲ್ಲೂಕಿನಲ್ಲಿ ಅವರು ಪಟ್ಟಿಮಾಡಿದ್ದು 171 ಕಾನುಗಳನ್ನು. ವಿಸ್ತೀರ್ಣ ಸುಮಾರು 13,000 ಹೆಕ್ಟೇರು.

ಕಾನು ಎಂದರೆ ಬರಿಯ ಕಾಡಲ್ಲ. ಸುತ್ತ ಎಲೆಯುದುರುವ ಕಾಡೋ ಹುಲ್ಲುಗಾವಲೋ ಇದ್ದು, ನಡುವೆ ವರ್ಷವಿಡೀ ಹಸಿರಾಗಿರುವ ದಟ್ಟ ಮರಗಳ ಗುಂಪು ಅದು. ಒಳಗೆ ಚೌಡಿಯೋ ಭೂತಪ್ಪನೋ ನೆಲೆಸಿರುತ್ತಾರೆ. ಕೊಡಲಿ ಹಾಕಿದವನಿಗೆ ಕೇಡು ತಪ್ಪದೆಂಬ ನಂಬಿಕೆ ಊರಿನಲ್ಲಿರುತ್ತದೆ. ಆ ನಂಬಿಕೆಯ ಹಿಂದೆ ವ್ಯವಹಾರಜ್ಞಾನವೂ ಇತ್ತು. ಮೆಣಸಿನ ಬಳ್ಳಿಗೆ ನೆರಳು ಬೇಕು. ತೋಟ ಗದ್ದೆಗಳಿಗೆ ಬೇಸಗೆಯಲ್ಲೂ ನೀರೂಡುವ ಹಳ್ಳ ಕಾನಿನಲ್ಲೇ ಹುಟ್ಟಬೇಕು. ಕಾನಿನ ಮೆಣಸು, ದಾಲ್ಚಿನ್ನಿ, ಬೈನೆಗಳಿಗೆ ಊರವರು ಸರ್ಕಾರಕ್ಕೆ ಕಂದಾಯ ಕೊಟ್ಟು ಅನುಭವಿಸುತ್ತಿದ್ದರು. ಮುಂದೆ ಕಂದಾಯದ ಹೊರೆ, ಅರಣ್ಯ ಇಲಾಖೆಯ ಹಿಡಿತ, ಪ್ಲೈವುಡ್ಡಿಗೂ ಬೆಂಕಿಕಡ್ಡಿಗೂ ಮರ ಬೇಕೆಂಬ ಬೇಡಿಕೆ, ಒತ್ತುವರಿ ಎಲ್ಲ ಸೇರಿ ಎಷ್ಟೋ ಕಾನುಗಳು ಹೆಸರಿನಲ್ಲಷ್ಟೇ ಉಳಿದವು.

ನೋಡುವ ಸಂಘಗಳು

ಕೂಡಿ ನಡೆದು, ಕಂಡದ್ದನ್ನು ಬರೆದಿಡುವ ಸಂಘದ ಕಲ್ಪನೆ ನಮಗೆ ಬ್ರಿಟನ್ನಿನ ಕಡೆಯಿಂದ ಬಂದದ್ದು. ಅಲ್ಲಿ ಸ್ಕಾಟ್ಲೆಂಡಿನ ಗಡಿಯ ಬೆರಿಕ್‌ಶೈರಿನಲ್ಲಿ 1831ರಲ್ಲೇ ಇಂಥ ಸಂಘ ಆರಂಭವಾಗಿತ್ತು. 1883ರಲ್ಲಿ ಮುಂಬಯಿಯಲ್ಲಿ ಎಂಟು ಮಂದಿ ಸೇರಿ ನಿಸರ್ಗ ಚರಿತ್ರೆಯ ಸೊಸೈಟಿಯನ್ನು ಕಟ್ಟಿದರು. ಅದರ ಆಶ್ರಯದಲ್ಲಿ ಬೆಳೆದ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗ ಹಕ್ಕಿಯನ್ನು ಖಚಿತವಾಗಿ ಗುರುತಿಸುವುದೆಂದರೆ ಕೋವಿಯಿಂದ ಹೊಡೆದು ಚರ್ಮವನ್ನು ಜೋಪಾನ ಮಾಡುವುದೇ ಆಗಿತ್ತು. ಕೋವಿಯ ಜಾಗಕ್ಕೆ ದುರ್ಬೀನು ಬಂದದ್ದು ನಿಧಾನವಾಗಿ. 1972ರ ವನ್ಯಜೀವಿ ರಕ್ಷಣಾ ಕಾಯಿದೆ ಬೇಟೆಯ ದಾರಿಯನ್ನು ಮುಚ್ಚಿತು. ಅದೇ ವರ್ಷ ಶರಾವತಿ ಕಣಿವೆ ಅಭಯಾರಣ್ಯವಾಯಿತು. ಅದೇ ದಶಕದಲ್ಲಿ ಬೆಂಗಳೂರಿನ ಹಕ್ಕಿ ಪ್ರಿಯರು ಸಂಘ ಕಟ್ಟಿಕೊಂಡರು. ಅವರಿಂದ ಬೆಳೆದ, ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಕಲೆಯುವ ಪದ್ಧತಿ ರಾಜ್ಯದ ಅನೇಕ ಊರುಗಳ ಹವ್ಯಾಸಿಗಳಿಗೆ ಪರಿಚಿತ.

ಮಲೆನಾಡಿಗೆ ಇದರ ಜತೆ ತನ್ನದೇ ಒಂದು ಪರಂಪರೆಯೂ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯ ಹಿಂದಿನ ಗುಡ್ಡವನ್ನು ಕುವೆಂಪು ಕವಿಶೈಲವೆಂದು ಕರೆದರು. ಮೈಸೂರಿನಿಂದ ಬಂದ ಗುರುಗಳನ್ನೂ ಗೆಳೆಯರನ್ನೂ ಅಲ್ಲಿಗೆ ಕರೆದೊಯ್ದರು. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳು ಅಲ್ಲಿನ ಬಂಡೆಯಲ್ಲಿ ಇಂದಿಗೂ ಇವೆ. ಸಂಘ, ಸದಸ್ಯತ್ವ ಏನೂ ಇಲ್ಲದ ಆ ನಡಿಗೆಗಳು ಒಂದು ತಲೆಮಾರಿನ ಕನ್ನಡಿಗರಿಗೆ ಕಾಡನ್ನು ನೋಡುವ ರೀತಿಯನ್ನು ಕಲಿಸಿದವು. ಅವರ ಮಗ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯೂ ಒಂದು ಅರ್ಥದಲ್ಲಿ ಕಾಡು ಸುತ್ತುವ ತಂಡದ ಕತೆಯೇ. ಹಾರುವ ಓತಿಯನ್ನು ಹುಡುಕಿ ಹೊರಡುವ ಆ ತಂಡದಲ್ಲಿ ವಿಜ್ಞಾನಿ ಹೆಚ್ಚಾಗಿ ನಂಬುವುದು ಊರವರು ಕೆಲಸಕ್ಕೆ ಬಾರದವನೆಂದು ಬಿಟ್ಟ ಮಂದಣ್ಣನ ಕಣ್ಣನ್ನು. ಇಂದಿನ ನಡಿಗೆಗಳಿಗೂ ಇದು ಅನ್ವಯಿಸುವ ಮಾತು. ಪುಸ್ತಕ ಹಿಡಿದವರು ಲ್ಯಾಟಿನ್ ಹೆಸರು ಹೇಳಬಲ್ಲರು. ಉಪ್ಪಾಗೆ ಯಾವ ತಿಂಗಳು ಹಣ್ಣಾಗುತ್ತದೆ, ಹೊಳೆಯಂಚಿನ ಯಾವ ಮರದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದನ್ನು ಹೇಳಲು ಊರಿನವರೇ ಬೇಕು.

ಹೆಸರು ತಿಳಿದರೆ ಏನಾಗುತ್ತದೆ?

ಇಷ್ಟೆಲ್ಲ ನೋಡಿ, ಬರೆದು ಪ್ರಯೋಜನವೇನು ಎಂದು ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಅಂಬಾರಗುಡ್ಡದಲ್ಲಿ ಗಣಿಗಾರಿಕೆಯ ವಿರುದ್ಧ ಜನ ಎದ್ದುನಿಂತಾಗ, ಆ ಗುಡ್ಡ ಬರಿಯ ಅದಿರಿನ ರಾಶಿಯಲ್ಲ ಎಂದು ಹೇಳಬೇಕಿತ್ತು. ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು, ಹಳ್ಳದ ಮೂಲಗಳನ್ನು ನಡೆದು ಕಂಡವರೇ ಅದನ್ನು ಹೇಳಲು ಸಾಧ್ಯ. 2011ರಲ್ಲಿ ಅಂಬಾರಗುಡ್ಡದ 3,857 ಹೆಕ್ಟೇರು ಪ್ರದೇಶ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿ ಪುಸ್ತಕವನ್ನು ಇಡಬೇಕು. ಎಷ್ಟೋ ಕಡೆ ಇದು ಕಡತ ತುಂಬಿಸುವ ಕೆಲಸವಾಗಿದೆ. ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ ನಡೆದು ಟಿಪ್ಪಣಿ ಬರೆಯುವ ಪ್ರಕೃತಿ ಸಂಘ ಇದ್ದಲ್ಲಿ ಆ ಪುಸ್ತಕಕ್ಕೆ ಜೀವ ಬರುತ್ತದೆ.

ಊರಿನ ಹೆಸರುಗಳಿಗೆ ವಿಜ್ಞಾನದಲ್ಲೂ ಬೆಲೆ ಸಿಗುತ್ತಿದೆ. ಆಗುಂಬೆಯ ಕಾಡಿನಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಕಾಳಿಂಗ ಸರ್ಪದ ಅಧ್ಯಯನಕ್ಕೆ ಈ ಪ್ರದೇಶ ಹೆಸರಾಯಿತು. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಪ್ರಕಟಿಸಿ, ಅದಕ್ಕೆ ‘ಕಾಳಿಂಗ’ ಎಂಬ ನಮ್ಮ ಹೆಸರನ್ನೇ ಇಟ್ಟರು.

ಒಂದು ಮರದ ಹೆಸರಿನಿಂದ ಇಡೀ ಕಾಡಿನ ವ್ಯವಹಾರ ಬಿಚ್ಚಿಕೊಳ್ಳುತ್ತದೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಕಾಡು ಜಾಯಿಕಾಯಿಯ ಮರಗಳು ಜೌಗಿನಲ್ಲಿ ಬೇರುಗಳನ್ನು ಮಂಡಿಯಂತೆ ಮೇಲೆತ್ತಿಕೊಂಡು ನಿಂತಿವೆ. ಕೆಸರಿನಲ್ಲಿ ಉಸಿರಾಡಲು ಅವು ಕಂಡುಕೊಂಡ ಉಪಾಯ ಅದು. ಆ ಜಾತಿಯ ಮರಗಳ ದೊಡ್ಡ ಬೀಜವನ್ನು ನುಂಗಿ ದೂರ ಒಯ್ಯಬಲ್ಲ ಹಕ್ಕಿಗಳು ಕೆಲವೇ. ಮಂಗಟ್ಟೆ ಅವುಗಳಲ್ಲಿ ಮುಖ್ಯ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಹಣ್ಣು ತಂದು ಬಿರುಕಿನಿಂದ ಉಣಿಸುತ್ತದೆ. ಹಳೆಯ ಮರ ಬಿದ್ದರೆ ಪೊಟರೆಯಿಲ್ಲ, ಪೊಟರೆಯಿಲ್ಲದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಮುಂದಿನ ಮರವಿಲ್ಲ.

ನಡೆಯುವವರಿಗೆ ಎರಡು ಮಾತು

ಕಾಡಿನ ನಡಿಗೆ ಬರಿಯ ವಿನೋದವಲ್ಲ ಎಂಬುದನ್ನು ಈ ಸೀಮೆ ಕಷ್ಟಪಟ್ಟು ಕಲಿತಿದೆ. ಮಳೆಗಾಲದ ಇಂಬಳ ರಕ್ತ ಹೀರಿ ಬಿಡುತ್ತದೆ, ಅಷ್ಟೆ. ಬೇಸಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ. ಹೊರಗಿನವರಿಗೆ ಪ್ರವಾಸದ ಕಾಲವೂ ಅದೇ. ಮಂಗ ಸತ್ತ ಸುದ್ದಿಯಿರುವ ಕಡೆ ಕಾಲಿಡಬಾರದು ಎಂದು ತಡೆಯುವವನೂ ಊರಿನ ಮಾರ್ಗದರ್ಶಿಯೇ. ದರಕು ಗುಡಿಸಲು ಅದೇ ಕಾಡಿಗೆ ದಿನವೂ ಹೋಗಲೇಬೇಕಾದವರು ಇದ್ದಾರೆಂಬುದನ್ನು ನೋಡಲು ಬಂದವರು ಮರೆಯಬಾರದು.

ಕೊಡಚಾದ್ರಿಯ 1,343 ಮೀಟರಿನ ತುದಿಗೆ ಜೀಪಿನಲ್ಲಿ ಹತ್ತಿ ಸೂರ್ಯಾಸ್ತ ಕಂಡು ಇಳಿಯುವವರು ಸಾವಿರಾರು ಮಂದಿ. ಅವರನ್ನು ದೂರಿ ಫಲವಿಲ್ಲ. ಆದರೆ ಒಂದು ಬೇಸಗೆಯಾದರೂ, ಲಿಂಗನಮಕ್ಕಿಯ ನೀರು ಬಹಳ ಇಳಿದಾಗ, ಮಡೆನೂರಿನ ಕಡೆ ನಡೆದು ನೋಡಬೇಕು. 1948ರಲ್ಲಿ ಜೋಗದ ವಿದ್ಯುತ್ತಿಗೆ ನೀರು ಕೂಡಿಡುತ್ತಿದ್ದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿ ನೀರಿನಿಂದ ಮೇಲೆದ್ದು ನಿಂತಿರುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಆ ಅಣೆಕಟ್ಟನ್ನೂ ಅದರ ಸುತ್ತಲಿನ ಕಾಡು, ಗದ್ದೆ, ಊರುಗಳನ್ನೂ ಮುಳುಗಿಸಿತು. ಅಲ್ಲಿ ಮುಳುಗಿದ ಕಾಡಿನಲ್ಲಿ ಏನೇನಿತ್ತು ಎಂಬುದನ್ನು ಮೊದಲೇ ನಡೆದು ಬರೆದಿಡುವ ಸಂಘ ಆಗ ಇರಲಿಲ್ಲ. ಇಂದು ಶರಾವತಿ ಕಣಿವೆಯಲ್ಲಿ ಭೂಗತ ವಿದ್ಯುತ್ ಯೋಜನೆಯ ಚರ್ಚೆ ನಡೆದಿರುವಾಗ, ಸಿಂಗಳೀಕದ ಹಿಂಡು ಎಲ್ಲೆಲ್ಲಿ ಓಡಾಡುತ್ತದೆ, ಯಾವ ಹಳ್ಳ ಯಾವ ಕಾನಿನಲ್ಲಿ ಹುಟ್ಟುತ್ತದೆ ಎಂದು ತೋರಿಸಬಲ್ಲವರು ಕೆಲವರಾದರೂ ಇದ್ದಾರೆ. ಮುಳುಗಡೆಯ ಮನೆತನದ ಹಿರಿಯರೊಬ್ಬರು ಮಡೆನೂರಿನ ನಡಿಗೆಗೆ ಜತೆಯಾದರೆ ಇನ್ನೂ ಒಳ್ಳೆಯದು. ಒಣಗಿದ ಕೆಸರಿನ ಮೇಲೆ ನಿಂತು ಇದು ನಮ್ಮ ತೋಟ, ಅದು ಕಾನಿಗೆ ಹೋಗುವ ದಾರಿ ಎಂದು ಅವರು ಕೈತೋರಿಸಬಲ್ಲರು. ಟಿಪ್ಪಣಿ ಪುಸ್ತಕ ತೆರೆಯಬೇಕಾದದ್ದು ಆಗ.