ಹೊರಕವಚದ ಇತಿಹಾಸ

ಮೈಯ ಹೊರಗಿದ್ದುಕೊಂಡು ಆಕಾರ, ಆಸರೆ, ರಕ್ಷಣೆ ಮೂರನ್ನೂ ಕೊಡುವ ಗಟ್ಟಿ ಹೊದಿಕೆಗೆ ಹೊರಕವಚವೆಂದು ಹೆಸರು. ಚೇಳು, ಜೇಡ, ಜರಿ, ಜಿರಳೆ, ಸಿಗಡಿ, ಏಡಿಗಳಂಥ ಸಂಧಿಪದಿಗಳಲ್ಲಿ ಇದು ಕೈಟಿನ್ ಮತ್ತು ಪ್ರೋಟೀನುಗಳಿಂದ ಆಗಿರುತ್ತದೆ. ಏಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಸೇರಿ ಇನ್ನಷ್ಟು ಬಿರುಸಾಗುತ್ತದೆ. ಬಸವನಹುಳುವಿನ ಚಿಪ್ಪು ಅಂಚಿನಲ್ಲಿ ಬೆಳೆಯುತ್ತಾ ಹುಳುವಿನೊಂದಿಗೇ ದೊಡ್ಡದಾಗುತ್ತದೆ. ಸಂಧಿಪದಿಗಳಿಗೆ ಆ ಅನುಕೂಲವಿಲ್ಲ; ಬೆಳೆಯಬೇಕಾದರೆ ಹಳೆಯ ಕವಚವನ್ನು ಕಳಚಲೇಬೇಕು.

ಗಟ್ಟಿ ಹೊದಿಕೆಯ ಅತಿ ಹಳೆಯ ಕುರುಹುಗಳಲ್ಲಿ ಕ್ಲೌಡಿನಾ ಒಂದು. ಸುಮಾರು 55 ಕೋಟಿ ವರ್ಷಗಳ ಹಿಂದಿನ ಈ ಸಮುದ್ರಜೀವಿಯನ್ನು ನಮೀಬಿಯದ ಪಳೆಯುಳಿಕೆಗಳಿಂದ 1972ರಲ್ಲಿ ವರ್ಣಿಸಲಾಯಿತು. ಒಂದರೊಳಗೊಂದು ಇಟ್ಟ ಲೋಟಗಳಂತೆ ಕಾಣುವ ಕೊಳವೆಯೇ ಅದರ ಮನೆ. ಚೀನಾದಲ್ಲಿ ಸಿಕ್ಕ ಕೆಲವು ಕೊಳವೆಗಳಲ್ಲಿ ಕೊರೆದ ತೂತುಗಳೂ ಇವೆ. ಚಿಪ್ಪಿನ ಜೊತೆಜೊತೆಗೇ ಚಿಪ್ಪು ಕೊರೆಯುವ ಬೇಟೆಗಾರರೂ ಇದ್ದರೆಂಬುದಕ್ಕೆ ಅವೇ ಸಾಕ್ಷಿ.

ಕೇಂಬ್ರಿಯನ್ ಯುಗದಲ್ಲಿ, ಸುಮಾರು 52 ಕೋಟಿ ವರ್ಷಗಳ ಹಿಂದೆ, ಟ್ರೈಲೋಬೈಟ್‌ಗಳೆಂಬ ಸಂಧಿಪದಿಗಳು ಬಂದವು. ಅವುಗಳ ಕಣ್ಣಿನ ಮಸೂರಗಳೂ ಕ್ಯಾಲ್ಸೈಟ್ ಹರಳಿನವು. 25 ಕೋಟಿ ವರ್ಷಗಳ ಹಿಂದೆ ವಂಶ ಅಳಿದರೂ ಕಳಚಿಟ್ಟ ಕವಚಗಳು ಕಲ್ಲಾಗಿ ಉಳಿದಿವೆ.

ನೆಲಕ್ಕೆ ಬಂದವುಗಳಿಗೆ ಕವಚದ ಮೇಲಿನ ತೆಳು ಮೇಣದ ಪದರ ವರವಾಯಿತು; ಮೈಯ ನೀರು ಆರಿಹೋಗದಂತೆ ಅದು ತಡೆಯಿತು. ಕಾರ್ಬೊನಿಫೆರಸ್ ಯುಗದ ಕಾಡುಗಳಲ್ಲಿ ಸಹಸ್ರಪದಿಗಳ ನೆಂಟ ಆರ್ತ್ರೊಪ್ಲ್ಯೂರಾ ಎರಡು ಮೀಟರಿಗೂ ಉದ್ದ ಬೆಳೆಯಿತು.

ಪೊರೆ ಕಳಚುವ ಏಡಿಯನ್ನು ನೋಡಬೇಕು. ಹಳೆಯ ಚಿಪ್ಪಿನಡಿ ಹೊಸದು ಮೊದಲೇ ಸಿದ್ಧವಾಗಿರುತ್ತದೆ. ಬೆನ್ನಿನ ಹಿಂಬದಿ ಬಿರಿಯುತ್ತದೆ. ಅಲ್ಲಿಂದ ಏಡಿ ಹಿಂದಕ್ಕೆ ಸರಿಯುತ್ತಾ ಕಾಲು, ಕೊಂಡಿ, ಕಣ್ಣಿನ ಕಾಂಡ ಎಲ್ಲವನ್ನೂ ಎಳೆದುಕೊಂಡು ಹೊರಬರುತ್ತದೆ. ಆಗ ಅದರ ಮೈ ತೊಗಲಿನಷ್ಟು ಮೆತ್ತಗೆ. ನೀರು ಹೀರಿ ಉಬ್ಬಿ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅಡಗಿಯೇ ಇರಬೇಕು.

ಫ್ರಾನ್ಸಿನ ಆಂರಿ ಬ್ರಾಕೊನೊ 1811ರಲ್ಲಿ ಕೈಟಿನನ್ನು ಮೊದಲು ಗುರುತಿಸಿದ್ದು ಅಣಬೆಯಲ್ಲಿ. 1823ರಲ್ಲಿ ಒಗುಸ್ತ್ ಒದಿಯೆ ಅದನ್ನು ಕೀಟಗಳಲ್ಲಿ ಕಂಡು ಇಂದಿನ ಹೆಸರಿಟ್ಟ. ಪೊರೆ ಬಿಡಿಸುವ ಹಾರ್ಮೋನು ಎಕ್ಡೈಸೋನ್ ಸಿಕ್ಕಿದ್ದು 1954ರಲ್ಲಿ: ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೊ ಕೋಶಾವಸ್ಥೆಯ ರೇಷ್ಮೆಹುಳುಗಳಿಂದ ಬರೀ 25 ಮಿಲಿಗ್ರಾಂ ಹರಳು ತೆಗೆದರು.

ಆ ಹಾರ್ಮೋನಿನ ಕೆಲಸವನ್ನು ಕರ್ನಾಟಕದ ರೇಷ್ಮೆ ಬೆಳೆಗಾರರು ದಿನವೂ ಕಾಣುತ್ತಾರೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬೆಳೆಗಾರರ ಮಾತಿನಲ್ಲಿ ಅದು ‘ಜ್ವರ’. ತಲೆಯೆತ್ತಿ, ಮೇಯದೆ, ಅಲುಗಾಡದೆ ನಿಲ್ಲುವ ಆ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಹುಳುಗಳೆಲ್ಲ ಜ್ವರದಿಂದ ಎದ್ದ ಮೇಲೆಯೇ ಮತ್ತೆ ಹಿಪ್ಪುನೇರಳೆ ಸೊಪ್ಪು.