ಜೀಪಿನ ತಗಡು ಹೇಳುವ ಕಥೆ

ನಮ್ಮ ಮಲೆನಾಡಿನ ಎಸ್ಟೇಟ್ ರಸ್ತೆಗಳಲ್ಲಿ ಜೀಪು ನೋಡದವರು ಯಾರಿದ್ದಾರೆ ಹೇಳಿ? ಮುಂದಿನ ಸಲ ಹಳೆಯದೊಂದು ಕಂಡರೆ, ಅದರ ಮೂತಿಯಲ್ಲಿ ಉದ್ದುದ್ದ ಕಿಂಡಿಗಳು ಎಷ್ಟಿವೆ ಅಂತ ಎಣಿಸಿ. ಏಳಿದ್ದರೆ ಅದು ಯುದ್ಧದ ನಂತರದ್ದು. ಒಂಬತ್ತಿದ್ದರೆ ಸ್ವಲ್ಪ ನಿಲ್ಲಿ, ಅದು ಎರಡನೇ ಮಹಾಯುದ್ಧದ ಜೀಪಿರಬಹುದು!

ಅಮೆರಿಕದ ಸೈನ್ಯದ ಕಡತದಲ್ಲಿ ಜೀಪು ಕಾರಲ್ಲ, ಕಾಲು ಟನ್ನಿನ ಟ್ರಕ್ಕು. 1940ರಲ್ಲಿ ಸೈನ್ಯ 135 ಕಂಪನಿಗಳನ್ನು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ಬರೀ 49 ದಿನ. (ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳು ವಾಸಿ ಅನ್ನಿಸೋದು ಇಂಥಾದ್ದು ಓದಿದಾಗಲೇ.) ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ ಆ ಗಡುವಿನೊಳಗೆ ಮಾದರಿ ಮಾಡಿಕೊಟ್ಟಿತು. ಆದರೆ 1941ರಲ್ಲಿ ದೊಡ್ಡ ಆರ್ಡರ್ ಹೋಗಿದ್ದು ವಿಲ್ಲಿಸ್‌ಗೆ. ಅದೊಂದೇ ಸಾಲದು ಅಂತ ಅದೇ ವಿನ್ಯಾಸ ಫೋರ್ಡ್‌ಗೂ ಹೋಯಿತು. 1945ರ ಹೊತ್ತಿಗೆ ಇಬ್ಬರೂ ಸೇರಿ ಮಾಡಿದ್ದು ಆರು ಲಕ್ಷಕ್ಕೂ ಹೆಚ್ಚು.

ಎರಡೂ ನೋಡಲು ಒಂದೇ. ಹಾಗಾದರೆ ಯಾವುದು ಯಾರದು ಅಂತ ತಿಳಿಯೋದು ಹೇಗೆ? ಅಲ್ಲೇ ಇರೋದು ಮಜಾ. ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೂ, 'ಎಫ್' ಅಕ್ಷರ ಒತ್ತುತ್ತಿತ್ತು. ಮೊದಮೊದಲು ಹಿಂಭಾಗದ ಎಡಗಡೆ ತಗಡಿನ ಮೇಲೆ ಕಂಪನಿಯ ಹೆಸರೇ ಉಬ್ಬಿ ನಿಂತಿರುತ್ತಿತ್ತು, 1942ರಲ್ಲಿ ಅದು ನಿಂತಿತು. ವಿಲ್ಲಿಸ್‌ನ ಮೊದಲ ಜೀಪುಗಳ ಮೂತಿ ಕಬ್ಬಿಣದ ಪಟ್ಟಿಗಳನ್ನು ವೆಲ್ಡ್ ಮಾಡಿದ್ದು. ಒಂದೇ ತಗಡನ್ನು ಒತ್ತಿ ಮಾಡಿದ, ಹಗುರವೂ ಅಗ್ಗವೂ ಆದ ಒಂಬತ್ತು ಕಿಂಡಿಯ ಮೂತಿ ಫೋರ್ಡ್‌ನದು. 1942ರಲ್ಲಿ ವಿಲ್ಲಿಸ್ ಕೂಡ ಅದನ್ನೇ ಹಾಕಿಕೊಂಡಿತು.

ಅಂದರೆ ಚರಿತ್ರೆ ಬರೆದಿರೋದು ತೆಳು ತಗಡಿನ ಮೇಲೆ. ಮೊದಲು ಸಾಯೋದೂ ಅದೇ ತಗಡು.

ಅದಕ್ಕೆ ಹುಟ್ಟಿನಲ್ಲೇ ಒಂದು ರೋಗವಿತ್ತು. ಬಾಡಿಯ ನೆಲದ ಕೆಳಗೆ ಟೋಪಿಯಂತೆ ಮಡಚಿದ ತಗಡಿನ ತೊಲೆಗಳಿದ್ದವು. ಅವುಗಳೊಳಗೆ ಮರದ ಪಟ್ಟಿ ತುಂಬಿದ್ದರು. ಮರ ನೀರು ಹೀರಿ ಹಿಡಿದಿಟ್ಟುಕೊಂಡಿತು, ತಗಡು ಒಳಗಿನಿಂದಲೇ ತುಕ್ಕು ಹಿಡಿಯಿತು. ಯುದ್ಧ ನಡೆಯುವಷ್ಟು ದಿನ ಬಾಳಿದರೆ ಸಾಕಿದ್ದ ಗಾಡಿ, ಎಂಬತ್ತು ವರ್ಷದ ಚಿಂತೆ ಯಾರಿಗಿತ್ತು?

ಈಗ ದುರಸ್ತಿಗೆ ಕೂತವನ ಮುಂದೆ ಎರಡು ದಾರಿ. ಒಂದು, ತೇಪೆ. ಕೊಳೆತಷ್ಟನ್ನೇ ಕತ್ತರಿಸಬೇಕು, ರಟ್ಟಿನಲ್ಲಿ ಅಳತೆ ತೆಗೆದು ಹೊಸ ತಗಡು ಮಡಚಬೇಕು. ಒಂದೇ ಸಮ ವೆಲ್ಡ್ ಮಾಡಿದರೆ ಬಿಸಿಗೆ ತಗಡು ಸೊಟ್ಟಗಾಗುತ್ತೆ. ಹಾಗಾಗಿ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಿದ ಮೇಲೆ ಮತ್ತೊಂದು. ತಿಂಗಳುಗಟ್ಟಲೆ ಕೆಲಸ. ಇನ್ನೊಂದು ದಾರಿ, ಇಡೀ ಹೊಸ ಬಾಡಿ ತರಿಸಿ ಚಾಸಿಸ್ ಮೇಲೆ ಕೂರಿಸೋದು.

ಆ ಹೊಸ ಬಾಡಿ ಎಲ್ಲಿಂದ ಬರುತ್ತೆ ಗೊತ್ತಾ? ಫಿಲಿಪ್ಪೀನ್ಸ್‌ನಿಂದ! ಯುದ್ಧ ಮುಗಿದಾಗ ಅಮೆರಿಕನ್ನರು ಅಲ್ಲಿ ರಾಶಿ ರಾಶಿ ಜೀಪು ಬಿಟ್ಟುಹೋದರು. ಜನ ಅವನ್ನು ಉದ್ದ ಮಾಡಿ, ಬೆಂಚು ಹಾಕಿ, ಬಣ್ಣ ಬಳಿದು ಊರಿಗೆ ಬಸ್ಸು ಮಾಡಿಕೊಂಡರು. ಅದೇ ಜೀಪ್ನಿ. ಹಾಗೆ ಜೀಪಿನ ತಗಡು ಬಡಿಯೋ ಕಸುಬು ಬೆಳೆದ ದೇಶವೇ ಇವತ್ತು ಜಗತ್ತಿನ ಹವ್ಯಾಸಿಗಳಿಗೆ 1940ರ ದಶಕದ ಬಾಡಿ ಮಾಡಿಕೊಡುತ್ತೆ. ಹೀಗಾಗಿ ಅದನ್ನು ಬರೀ 'ನಕಲಿ' ಅನ್ನೋಕೆ ನನಗೆ ಬಾಯಿ ಬರೋಲ್ಲ. ಅದೂ ಆ ಯುದ್ಧದ ಮೊಮ್ಮಗುವೇ.

ಆದರೂ ನನ್ನ ಓಟು ತೇಪೆಗೆ. ಹಳೇ ಕೋಡ್ ಕಂಡರೆ ಎಲ್ಲ ಅಳಿಸಿ ಹೊಸದಾಗಿ ಬರೆಯೋಣ ಅನ್ನಿಸುತ್ತೆ. ಅಳಿಸಿದ ಮೇಲೆ ಗೊತ್ತಾಗುತ್ತೆ, ಆ ವಿಚಿತ್ರ ಸಾಲು ಯಾಕಿತ್ತು ಅಂತ. ಕೊಳೆತ ಬಾಡಿಯನ್ನು ಗುಜರಿಗೆ ಹಾಕಿದರೆ ಉಬ್ಬಕ್ಷರ, ಕಾರ್ಖಾನೆಯ ವೆಲ್ಡಿನ ಗುರುತು, ಯಾವನೋ ಸೈನಿಕ ಅವಸರದಲ್ಲಿ ಕೊರೆದ ತೂತು, ಎಲ್ಲ ಹೋಯಿತು. ಹೊಸ ಬಾಡಿಯೇ ಗತಿ ಅನ್ನೋದಾದರೂ ಹಳೆಯದರ ಫೋಟೋ ಅಳತೆಗಳನ್ನಾದರೂ ಇಟ್ಟುಕೊಳ್ಳಿ ಸ್ವಾಮಿ.

ನಿಮ್ಮೂರ ಕೊಟ್ಟಿಗೆಯಲ್ಲಿ ಒಂಬತ್ತು ಕಿಂಡಿಯದೊಂದು ಮಲಗಿದ್ದರೆ, ಗುಜರಿಯವನಿಗೆ ಫೋನ್ ಮಾಡೋ ಮುಂಚೆ ಹಿಂದಿನ ಎಡ ಮೂಲೆಯ ಮಣ್ಣು ಒರೆಸಿ ನೋಡಿ.