ಲೋಹಕ್ಕೆ ಅಂಟಿದ ಘಾಟು

ಮುಂಬೈಯ ಚೋರ್ ಬಜಾರಿನಲ್ಲೋ ಪುಣೆಯ ಜುನಾ ಬಜಾರಿನಲ್ಲೋ ಹಳೆಯ ಟೈಪ್‌ರೈಟರ್, ಹಿತ್ತಾಳೆಯ ಗಡಿಯಾರ, ಕ್ಯಾಮೆರಾ ಕೊಂಡವರಿಗೆ ಒಂದು ಅನುಭವ ಸಾಮಾನ್ಯ. ಗಾಳಿಯಾಡುವ ಬೀದಿಯಲ್ಲಿ ನೋಡಿದಾಗ ವಸ್ತು ಚೆನ್ನಾಗಿಯೇ ಇರುತ್ತದೆ. ಮನೆಗೆ ತಂದು ಬೀರುವಿನಲ್ಲಿಟ್ಟು ಮಾರನೆಯ ದಿನ ಬಾಗಿಲು ತೆರೆದರೆ, ಯಾರೋ ಆಗತಾನೇ ಸಿಗರೇಟು ಸೇದಿ ಎದ್ದುಹೋದಂತೆ ಘಾಟು. ಸೇದಿದವರು ಯಾರೋ, ಯಾವ ಕಾಲದಲ್ಲೋ. ಅವರು ಬಿಟ್ಟ ಹೊಗೆ ಮಾತ್ರ ವಸ್ತುವಿನ ಜೊತೆಗೇ ಮಾರಾಟವಾಗಿ ಹೊಸ ಮನೆ ಸೇರಿರುತ್ತದೆ.

ನಿಜಕ್ಕೆ ಲೋಹಕ್ಕೆ ತನ್ನದೆಂಬ ವಾಸನೆ ಇಲ್ಲವೆಂದೇ ಹೇಳಬೇಕು. ಕಬ್ಬಿಣದ ಕಂಬಿ ಹಿಡಿದ ಕೈಗೆ ಬರುವ ವಾಸನೆ ಕೂಡ ಕಬ್ಬಿಣದ್ದಲ್ಲ. ನಮ್ಮ ಬೆವರು ಕಬ್ಬಿಣವನ್ನು ಕರಗಿಸಿ, ಆ ಕಬ್ಬಿಣ ನಮ್ಮ ಚರ್ಮದ ಜಿಡ್ಡನ್ನೇ ಒಡೆದಾಗ ಹುಟ್ಟುವ ವಾಸನೆ ಅದು ಎಂದು 2006ರಲ್ಲಿ ಡಿಟ್‌ಮಾರ್ ಗ್ಲಿಂಡೆಮಾನ್ ಮತ್ತು ಸಂಗಡಿಗರು ತೋರಿಸಿದರು. ಲೋಹ ಬಟ್ಟೆಯಂತೆ, ಮರದಂತೆ ಹೊಗೆಯನ್ನು ಒಳಗೆ ಹೀರಿಕೊಳ್ಳುವುದೂ ಇಲ್ಲ. ಹಾಗಿದ್ದೂ ಘಾಟು ಅದನ್ನು ಬಿಡುವುದಿಲ್ಲವೇಕೆ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ನಾನೂರು ವರ್ಷಗಳ ಹಿನ್ನೆಲೆಯಿದೆ. ಅದು ಶುರುವಾಗುವುದು ವಿಜಯಪುರದಿಂದ.

ತಂಬಾಕು ಪೋರ್ಚುಗೀಸರ ಜೊತೆ ಪಶ್ಚಿಮ ಕರಾವಳಿಗೆ ಬಂತು. ಗೋವೆಯಿಂದ ಆದಿಲಶಾಹಿಗಳ ರಾಜಧಾನಿಗೆ ಅದು ತಲುಪಿದಾಗ ಉತ್ತರದ ಮೊಗಲರಿಗೆ ಅದರ ಪರಿಚಯವೇ ಇರಲಿಲ್ಲ. 1604ರ ಸುಮಾರಿಗೆ ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು ಬೆರಗಾದ. ಮರಳುವಾಗ ಒಂದಿಷ್ಟನ್ನು ಕಟ್ಟಿಕೊಂಡ, ಜೊತೆಗೆ ಸೇದುವ ಸಲಕರಣೆಯೊಂದನ್ನು ಸಿದ್ಧಪಡಿಸಿದ. ರತ್ನ ಮತ್ತು ಮೀನಾಕಾರಿಯಿಂದ ಅಲಂಕರಿಸಿದ ಉದ್ದನೆಯ ಕೊಳವೆ, ಯೆಮನ್ ದೇಶದ ಕೆಂಪು ಹರಳಿನ ಬಾಯಿ, ಬೆಂಕಿಗೆ ಚಿನ್ನದ ಬಟ್ಟಲು, ಎಲ್ಲವನ್ನೂ ಇಡಲು ಬೆಳ್ಳಿಯ ತಟ್ಟೆ. ಅಕ್ಬರ್ ಕುತೂಹಲದಿಂದ ಎರಡು ಮೂರು ಬಾರಿ ಎಳೆದ. ವೈದ್ಯ ತಡೆದ. ಹೊಸದು ಎಂಬ ಕಾರಣಕ್ಕೇ ಒಂದು ವಸ್ತುವನ್ನು ತಳ್ಳಿಹಾಕಬಾರದೆಂದು ಅಸದ್ ಬೇಗ್ ವಾದಿಸಿದ. ಬಾದಶಹ ಚಟ ಹಚ್ಚಿಕೊಳ್ಳಲಿಲ್ಲ, ಆದರೆ ಅಮೀರರು ಹಚ್ಚಿಕೊಂಡರು. 1617ರ ಹೊತ್ತಿಗೆ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸಬೇಕಾಯಿತು. ಆ ಆಜ್ಞೆಯಿಂದ ಹೊಗೆ ನಿಲ್ಲಲಿಲ್ಲ.

ಹೆಸರಿನ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಹಿಂದಿ ಮರಾಠಿಗಳು ಹೊರಗಿನ ಪದವನ್ನೇ ಒಗ್ಗಿಸಿಕೊಂಡು ತಂಬಾಕು, ತಂಬಾಖೂ ಎಂದವು. ಬಡಗಣ ಕರ್ನಾಟಕದ ಮಾತಿನಲ್ಲೂ ಅದು ಸೇರಿತು. ಆದರೆ ಕನ್ನಡದ ಹೊಗೆಸೊಪ್ಪು, ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು, ಮಲಯಾಳದ ಪುಗಯಿಲ ಎಲ್ಲವೂ ಸ್ವಂತ ಪದಗಳು. ನಾಲ್ಕರಲ್ಲೂ ಹೊಗೆಗೇ ಮೊದಲ ಸ್ಥಾನ. ಸೇದುವ ಸಲಕರಣೆಗೂ ಕನ್ನಡ ತನ್ನ ಕಿವಿಯಿಂದಲೇ ಹೆಸರು ಕೊಟ್ಟಿತು: ಗುಡುಗುಡಿ. ತಳದ ಪಾತ್ರೆಯಲ್ಲಿ ನೀರು, ಆ ನೀರಿನೊಳಗಿಂದ ಹೊಗೆ ಏಳುವಾಗಿನ ಸದ್ದು.

ಆ ತಳದ ಪಾತ್ರೆಯಲ್ಲೇ ಹೊಗೆ ಮತ್ತು ಲೋಹ ದಿನನಿತ್ಯ ಮುಖಾಮುಖಿಯಾದದ್ದು. ಸೇದಿದಷ್ಟೂ ನೀರು ಕಂದಾಗುತ್ತದೆ, ಪಾತ್ರೆಯ ಒಳಮೈಗೆ ಅಂಟಂಟಾದ ಪದರ ಕಟ್ಟುತ್ತದೆ. ನೀರನ್ನು ಆಗಾಗ ಬದಲಿಸದಿದ್ದರೆ ಮರುದಿನದ ಹೊಗೆಯಲ್ಲಿ ಹಿಂದಿನ ದಿನದ ಕಮಟು. ಶ್ರೀಮಂತರ ಮನೆಗಳಲ್ಲಿ ಇದಕ್ಕೆಂದೇ ಹುಕ್ಕಾಬರ್ದಾರ ಎಂಬ ಆಳು ಇರುತ್ತಿದ್ದ. ಗುಡುಗುಡಿ ತೊಳೆಯುವುದು, ನೀರು ತುಂಬುವುದು, ಕೆಂಡ ನೋಡಿಕೊಳ್ಳುವುದು ಅವನ ಕೆಲಸ. 1779ರಲ್ಲಿ ಕೋಲ್ಕತ್ತದಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳು ಸಂಗೀತ ಮತ್ತು ಊಟಕ್ಕೆ ಕಳಿಸಿದ ಆಹ್ವಾನದಲ್ಲಿ, ಅತಿಥಿಗಳು ಹುಕ್ಕಾಬರ್ದಾರನನ್ನು ಬಿಟ್ಟು ಬೇರೆ ಆಳುಗಳನ್ನು ಕರೆತರಬಾರದೆಂಬ ಕೋರಿಕೆ ಇತ್ತು. ಉಳಿದವರಿಲ್ಲದೆ ನಡೆಯುತ್ತಿತ್ತು, ಅವನಿಲ್ಲದೆ ನಡೆಯುತ್ತಿರಲಿಲ್ಲ.

ಹಿತ್ತಾಳೆಯ ಗುಡುಗುಡಿಯಾದರೆ ತೊಳೆಯುವುದು ಕಷ್ಟವಲ್ಲ. ಹುಣಸೆಹಣ್ಣು, ನಿಂಬೆಯ ಹೋಳು, ಒಲೆಯ ಬೂದಿ, ಇಟ್ಟಿಗೆಯ ಪುಡಿ: ಪೂಜೆಯ ಪಾತ್ರೆಗೆ ಬಳಸುವ ಎಲ್ಲವೂ ಅದಕ್ಕೆ ಆಗುತ್ತದೆ. ಈ ಅಡುಗೆಮನೆಯ ಜಾಣತನಕ್ಕೆ ರಸಾಯನಶಾಸ್ತ್ರದ ಬೆಂಬಲವೂ ಇದೆ. ಹೊಗೆಯ ಜಿಡ್ಡಿನಲ್ಲಿ ಎರಡು ಬಗೆ. ಒಂದು, ಎಣ್ಣೆಯಂಥ ಟಾರು, ಇದು ಸೋಪಿಗೆ, ಸ್ಪಿರಿಟ್ಟಿಗೆ, ಬೂದಿಯ ಕ್ಷಾರಕ್ಕೆ ಬಿಡುತ್ತದೆ. ಇನ್ನೊಂದು ನಿಕೋಟಿನ್, ಇದು ಸ್ವತಃ ಕ್ಷಾರಗುಣದ್ದು. ಹುಳಿ ತಗುಲಿದರೆ ಲವಣವಾಗಿ ನೀರಿನಲ್ಲಿ ಕರಗಿ ಹೋಗುತ್ತದೆ. ಹುಣಸೆಯೂ ಬೂದಿಯೂ ಒಂದಾದ ಮೇಲೊಂದು ಬಿದ್ದಾಗ ಎರಡೂ ಬಗೆಯ ಜಿಡ್ಡು ಹೋಗುತ್ತಿತ್ತು.

ಆದರೆ ಬೀದರಿನ ಗುಡುಗುಡಿಗೆ ಈ ಉಪಚಾರ ಸಲ್ಲದು. ಬಿದ್ರಿ ಕಲೆಯ ಲೋಹ ಹೆಚ್ಚುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಗೆರೆ ಕಾಣಲೆಂದು ಮೈಲುತುತ್ತು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿ, ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಸವರುತ್ತಾರೆ. ಈ ಕಪ್ಪು ಬಣ್ಣ ಬಳಿದದ್ದಲ್ಲ, ಲೋಹದ ಮೈಯೇ ಬದಲಾದ ಒಂದು ತೆಳು ಪದರ.

ಬಿದ್ರಿಯ ಹೆಸರು ದೂರದವರೆಗೆ ಹೋದದ್ದರಲ್ಲಿ ಗುಡುಗುಡಿಯ ಪಾಲು ದೊಡ್ಡದು. ಮೊದಮೊದಲಿನ ತಳಗಳು ಚೆಂಡಿನಂತೆ ದುಂಡಗಿದ್ದು ಬಳೆಯೊಂದರ ಮೇಲೆ ಕೂರುತ್ತಿದ್ದವು, ಮುಂದೆ ತಾವೇ ನಿಲ್ಲುವ ಗಂಟೆಯಾಕಾರದವು ಬಂದವು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲೂ ಅವನ್ನು ನೋಡಬಹುದು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಕೊಂಡವರು ಘಾಟು ಹೋಗಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹುಳಿ ಸತುವನ್ನೇ ತಿನ್ನುತ್ತದೆ. ಘಾಟಿನ ಜೊತೆ ಕಪ್ಪೂ ಹೋಗಿ, ಮಂಕು ಬೂದು ಬಣ್ಣದ ಪಾತ್ರೆ ಉಳಿಯುತ್ತದೆ. ಒಬ್ಬ ಕುಶಲಕರ್ಮಿ ಕಪ್ಪು ಬಿಳುಪಿನಲ್ಲಿ ತೋರಿಸಿದ್ದ ಬಳ್ಳಿ, ಹೂವು ಎಲ್ಲ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತವೆ. ಇಂಥ ಪಾತ್ರೆಗೆ ಒಳಗಡೆ ಮಾತ್ರ ಉಗುರುಬೆಚ್ಚಗಿನ ನೀರು, ಮೃದು ಸೋಪು ಸಾಕು, ತೊಳೆದ ಕೂಡಲೇ ಪೂರ್ತಿ ಒಣಗಿಸಬೇಕು. ಹೊರಗಡೆ ಮೆತ್ತನೆಯ ಬಟ್ಟೆ, ಎರಡು ಹನಿ ಕೊಬ್ಬರಿ ಎಣ್ಣೆ. ಉಳಿದ ವಾಸನೆಯನ್ನು ಗಾಳಿಗೆ ಬಿಡಬೇಕು.

ಹೊಗೆಯ ಹಾದಿಯನ್ನು ಬದಲಿಸಿದ್ದು ಸಿಗರೇಟು. 1881ರಲ್ಲಿ ಅಮೆರಿಕದ ಜೇಮ್ಸ್ ಬಾನ್‌ಸ್ಯಾಕ್ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಅಗ್ಗದ ಸರಕಾಯಿತು. 1910ರಲ್ಲಿ ಕೋಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಶುರುವಾಯಿತು. ಗುಡುಗುಡಿಯಲ್ಲಿ ಹೊಗೆ ಒಂದು ಪಾತ್ರೆಯೊಳಗೆ ಹಾದು ಬರುತ್ತಿತ್ತು, ಆ ಪಾತ್ರೆಯನ್ನು ತೊಳೆಯಲು ಒಬ್ಬನಿದ್ದ. ಸಿಗರೇಟಿನ ಹೊಗೆಗೆ ಕೋಣೆಯೇ ಪಾತ್ರೆ. ಬೆರಳ ನಡುವೆ ಸುಮ್ಮನೆ ಉರಿಯುವಾಗಲೂ ಅದು ಹೊಗೆ ಬಿಡುತ್ತಲೇ ಇರುತ್ತದೆ. ಆ ಹೊಗೆ ಫ್ಯಾನಿನ ರೆಕ್ಕೆ, ಟೈಪ್‌ರೈಟರಿನ ಕಡ್ಡಿ, ಹೊಲಿಗೆ ಯಂತ್ರದ ಚಕ್ರ, ರೇಡಿಯೋದ ತಗಡು ಎಲ್ಲದರ ಮೇಲೂ ಕೂರುತ್ತದೆ. 2008ರ ಅಕ್ಟೋಬರ್ 2ರಂದು ಸಾರ್ವಜನಿಕ ಸ್ಥಳಗಳ ನಿಷೇಧ ಜಾರಿಗೆ ಬರುವವರೆಗೂ ನಮ್ಮ ಎಷ್ಟೋ ಕಚೇರಿಗಳ ಗಾಳಿ ಹಾಗೇ ಇತ್ತು. ಇಂದು ಹಳೆಯ ಬಜಾರಿಗೆ ಬರುವುದು ಆ ಕಚೇರಿಗಳ ಸಾಮಾನು.

ಇಂಥ ವಸ್ತುಗಳ ಮೈ ಒರೆಸಿದರೂ ಘಾಟು ಮರಳಿ ಬರಲು ಕಾರಣ ಲೋಹವಲ್ಲ, ಲೋಹದ ಸಹವಾಸ. ಕೀಲುಗಳ ಹಳೆಯ ಗ್ರೀಸು, ತಳದ ಫೆಲ್ಟು, ರಬ್ಬರಿನ ಉರುಳೆ, ಬಣ್ಣ, ವಾರ್ನಿಶ್ ಇವು ಹೊಗೆಯನ್ನು ಹೀರಿ ಸೆಕೆಗೆ ಮತ್ತೆ ಬಿಡುತ್ತವೆ. ಅದಕ್ಕೇ ಮೊದಲು ಬಿಚ್ಚಬೇಕು. ಫೆಲ್ಟು, ರಬ್ಬರು ಬದಲಿಸಬೇಕು. ಗ್ರೀಸನ್ನು ಸ್ಪಿರಿಟ್ಟಿನಿಂದ ತೆಗೆದು, ಬರಿ ಲೋಹದ ಬಿಡಿಭಾಗಗಳನ್ನು ಬಿಸಿನೀರು, ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು, ತಿರುಪಿನ ಗೆರೆಗಳನ್ನೂ ಬಿಡದೆ. ಉಕ್ಕಾದರೆ ವಿನಿಗರ್ ಬೆರೆಸಿದ ನೀರಿನಲ್ಲಿ ಒಮ್ಮೆ ಒರೆಸಿ, ಚೆನ್ನಾಗಿ ತೊಳೆದು, ತುಕ್ಕು ಹಿಡಿಯದಂತೆ ಒಣಗಿಸಿ ಹೊಸ ಎಣ್ಣೆ ಹಾಕಬೇಕು. ಬಣ್ಣ, ವಾರ್ನಿಶ್ ಇರುವ ಭಾಗಕ್ಕೆ ಸ್ಪಿರಿಟ್ ತಾಗಿಸಬಾರದು, ಅದು ಅವನ್ನೂ ಕರಗಿಸೀತು.

ವಾಸನೆ ಕೊಲ್ಲುವ ಓಝೋನ್ ಯಂತ್ರಗಳನ್ನು ಕೆಲವರು ನಂಬುತ್ತಾರೆ. ಓಝೋನಿಗೆ 1840ರ ಸುಮಾರಿಗೆ ಹೆಸರಿಟ್ಟ ಷೋನ್‌ಬೈನ್, ವಾಸನೆ ಬೀರು ಎಂಬರ್ಥದ ಗ್ರೀಕ್ ಧಾತುವಿನಿಂದಲೇ ಅದನ್ನು ಪಡೆದ. ವಾಸನೆಯನ್ನು ಅಳಿಸಲು ವಾಸನೆಯದೇ ಹೆಸರಿನ ಅನಿಲ! ಅದು ರಬ್ಬರನ್ನು ಬಿರಿಯಿಸುತ್ತದೆ, ಉಸಿರಾಡುವವರ ಶ್ವಾಸಕೋಶಕ್ಕೂ ಕೆಟ್ಟದ್ದು.

ಇಷ್ಟೆಲ್ಲ ಬರಿ ಮೂಗಿನ ಸಮಾಧಾನಕ್ಕೆ ಎನ್ನುವಂತಿಲ್ಲ. ಸೇದಿ ಮುಗಿದ ಮೇಲೂ ವಸ್ತುಗಳ ಮೇಲೆ ಉಳಿಯುವ ಈ ಪದರಕ್ಕೆ 2009ರಲ್ಲಿ ಅಮೆರಿಕದ ವೈದ್ಯ ಜೊನಾಥನ್ ವಿನಿಕಾಫ್ ಮತ್ತು ಸಂಗಡಿಗರ ಲೇಖನದಿಂದ ಥರ್ಡ್ ಹ್ಯಾಂಡ್ ಹೊಗೆ ಎಂಬ ಹೆಸರು ಪ್ರಚಾರಕ್ಕೆ ಬಂತು. ಮರುವರ್ಷ ಬರ್ಕ್ಲಿಯ ವಿಜ್ಞಾನಿಗಳು, ಪದರದಲ್ಲಿನ ನಿಕೋಟಿನ್ ಕೋಣೆಯ ಗಾಳಿಯ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್‌ಕಾರಕಗಳಾಗುತ್ತದೆ ಎಂದು ತೋರಿಸಿದರು. ಹಳೆಯ ಆಟಿಕೆಯನ್ನು ಬಾಯಿಗಿಡುವ ಮಗು ಮನೆಯಲ್ಲಿದ್ದರೆ ತೊಳೆಯುವ ಕೆಲಸವನ್ನು ಮುಂದೂಡುವಂತಿಲ್ಲ.

ಆದರೂ ಕೆಲವೊಮ್ಮೆ ಒರೆಸುವ ಮೊದಲು ಕಲೆಯನ್ನು ಓದಬೇಕಾಗುತ್ತದೆ. 2002ರ ಮೇ 25ರಂದು ತೈಪೆಯಿಂದ ಹಾಂಗ್‌ಕಾಂಗಿಗೆ ಹೊರಟ ಚೈನಾ ಏರ್‌ಲೈನ್ಸ್ 611 ವಿಮಾನ ಆಕಾಶದಲ್ಲೇ ಒಡೆದು 225 ಜನ ಸತ್ತರು. 1980ರಲ್ಲಿ ಆ ವಿಮಾನದ ಬಾಲ ರನ್‌ವೇಗೆ ಉಜ್ಜಿತ್ತು. ಗೀರುಬಿದ್ದ ತಗಡಿನ ಮೇಲೆ ತೇಪೆ ಹಾಕಲಾಗಿತ್ತು, ಅದರಡಿ ಬಿರುಕು ಬೆಳೆಯುತ್ತಲೇ ಹೋಯಿತು. ಅಪಘಾತಕ್ಕೆ ಆರು ತಿಂಗಳ ಹಿಂದೆ ತೆಗೆದ ಫೋಟೋಗಳಲ್ಲಿ ತೇಪೆಯ ಅಂಚಿಗೆ ಕಲೆಗಳಿದ್ದವು. ವಿಮಾನದಲ್ಲಿ ಸಿಗರೇಟು ಸೇದಲು ಬಿಡುತ್ತಿದ್ದ ಕಾಲದ ಹೊಗೆ ಬಿರುಕಿನಿಂದ ಸೋರಿ ಮೂಡಿದ ಕಲೆ ಅದು ಎಂಬ ವಿವರಣೆ ಪ್ರಚಲಿತ. ಏನೇ ಇರಲಿ, ಒಳಗಿನ ಗಾಯವನ್ನು ಹೊರಗಿನ ಕಲೆ ಸೂಚಿಸುತ್ತಿತ್ತು, ಯಾರೂ ಅದನ್ನು ಓದಲಿಲ್ಲ.

ಬೀದರಿನಲ್ಲಿ ಈಗ ಹೂದಾನಿ, ಡಬ್ಬಿ, ಕಿವಿಯೋಲೆಗಳನ್ನು ಮಾಡುತ್ತಾರೆ. ಗುಡುಗುಡಿ ಮಾಡಿದರೂ ಅದು ಷೋಕೇಸಿಗೆ, ಅದರೊಳಗೆ ಹೊಗೆ ಹಾಯುವುದಿಲ್ಲ. ಹೊಗೆ ಹಾಯ್ದ ಹಳೆಯ ಗುಡುಗುಡಿ ಕೈಗೆ ಸಿಕ್ಕವರು ಮಾತ್ರ ಹುಣಸೆಹಣ್ಣು ನೆನೆಹಾಕುವ ಮುಂಚೆ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಲಿ: ಯಾವ ಕಪ್ಪು ಹೊಗೆಯದು, ಯಾವ ಕಪ್ಪು ಬೀದರಿನ ಮಣ್ಣಿನದು.